ದೊಡ್ಡದು ಮಾಡಿದ ದೀಪ

ಬೇಲಾಪುರ
11 ಸೆಪ್ಟೆಂಬರ್ 2024

ನಾಗವೇಣಿ,

ಗಣಪತಿ ಹಬ್ಬಕ್ಕೆ ನೀನು ಬರಲಿಲ್ಲ. ನಿನಗೆಂದು ಎತ್ತಿಟ್ಟ ಕಡುಬನ್ನು ಮೂರನೆಯ ದಿನ ನಾನೇ ತಿಂದೆ. ಡೊಂಬಿವಲಿಗೆ ಮನೆ ಬದಲಿಸಿದ ಮೇಲೆ ನಿನಗೆ ಬೇಲಾಪುರ ಪರದೇಶವಾಗಿಬಿಟ್ಟಿದೆ. ನೀನು ಫೋನು ಮಾಡಿದ್ದೆ ಎಂದು ಇವರು ಹೇಳಿದರು. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಎದುರಿಗೆ ಕೂತರೆ ತುಟಿ ನೋಡಿ ಹೇಗೋ ತಿಳಿದುಕೊಳ್ಳುತ್ತೇನೆ, ಫೋನಿನಲ್ಲಿ ಬರೀ ಗುಂಯ್ ಅನ್ನುತ್ತದೆ. ಇಪ್ಪತ್ತಾರು ವರ್ಷ ಒಂದೇ ಆಫೀಸಿನ ಟಪಾಲು ವಿಭಾಗದಲ್ಲಿ ಕೂತು ಊರವರ ಕಾಗದಗಳಿಗೆಲ್ಲ ಮುದ್ರೆ ಒತ್ತಿದೆವು. ಈಗ ನಮ್ಮ ಕಾಗದ ನಾವು ಬರೆದುಕೊಳ್ಳೋಣ.

ವಿಷಯ ಇವರ ಕಣ್ಣಿನದು. ಹೋದ ವಾರ ವಾಶಿಯ ಡಾಕ್ಟರು ನೋಡಿದರು. ಕಣ್ಣಿನ ಒತ್ತಡದಿಂದ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದು ಸಂಕ್ರಾಂತಿಯವರೆಗೆ ಇದ್ದರೆ ಪುಣ್ಯ ಎಂದರು. ಇವರು ಯಾರದೋ ಕಣ್ಣಿನ ವಿಷಯವೆಂಬಂತೆ "ಸರಿ ಸರ್" ಎಂದು ಎದ್ದು ಬಂದರು. ನನಗೆ ಆಟೋದಲ್ಲಿ ಅಳು ತಡೆಯಲಾಗಲಿಲ್ಲ.

ಮೊನ್ನೆ ಸಂಜೆ ತೋಟದ ಮೆಟ್ಟಿಲು ಕಾಣದೆ ಮುಗ್ಗರಿಸಿ ಮಂಡಿ ತರಚಿಕೊಂಡರು. ಮನೆ ಮುಂದಿನ ಆ ನಾಲ್ಕು ಹೆಜ್ಜೆ ಜಾಗವನ್ನು ತೋಟ ಎಂದರೆ ನೀನು ನಗುತ್ತೀ. ನಗು. ಈ ಸಲ ನಾನು ಅಲ್ಲಿ ಅರವತ್ತು ಸಸಿ ಹಳದಿ ಸೇವಂತಿಗೆ ಹಾಕಿದ್ದೇನೆ. ಡಿಸೆಂಬರಿಗೆ ಮೊದಲೇ ಹೂ ಬರುತ್ತದೆ ಎಂದು ನರ್ಸರಿಯ ಅಂಬಾರಾಯ ಹೇಳಿದ್ದಾನೆ. ಮದುವೆಯಾದ ಹೊಸದರಲ್ಲಿ ಇವರು, "ಈ ಊರಲ್ಲಿ ಹೂವನ್ನ ಪೊಟ್ಟಣದಲ್ಲಿ ಮಾತ್ರ ನೋಡಬೇಕು ಕಣೆ" ಎಂದಿದ್ದರು. ಕಣ್ಣು ಹೋಗುವ ಮೊದಲು ಒಂದು ಸಲ ಮನೆಯೆದುರು ತುಂಬಿದ ಹೂವನ್ನು ನೋಡಲಿ. ಮಕ್ಕಳಿಲ್ಲದವರು ನಾವು. ನನಗೆ ಉಳಿದಿರುವ ಆಸೆ ಇದೊಂದೇ.

ನಿನ್ನ ಮಗ ಆಕಾಶ ತೋಟಗಳಿಗೆ ತಾವಾಗಿಯೇ ಹೊತ್ತಿಕೊಳ್ಳುವ ದೀಪ ಹಾಕುತ್ತಾನಂತಲ್ಲ, ಕಳಿಸಿಕೊಡು. ಇವರಿಗೆ ದಾರಿ ಕಂಡ ಹಾಗೂ ಆಯಿತು, ಅವನಿಗೊಂದು ಕೆಲಸ ಕೊಟ್ಟ ಹಾಗೂ ಆಯಿತು.

ನಿನ್ನ
ಅಲಮೇಲು


ಡೊಂಬಿವಲಿ ಪೂರ್ವ
19 ಸೆಪ್ಟೆಂಬರ್ 2024

ಅಲಮೇಲಕ್ಕಾ,

ರಾಯರ ಕಣ್ಣಿನ ವಿಷಯ ಓದಿ ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು. ಅಷ್ಟು ಒಳ್ಳೆಯ ಮನುಷ್ಯರಿಗೆ ಯಾಕೆ ಹೀಗಾಗಬೇಕು? ನನ್ನ ಗಂಡ ತೀರಿಕೊಂಡಾಗ ಆಫೀಸಿನಿಂದ ಮೊದಲು ಮನೆಗೆ ಬಂದವರು ನೀವಿಬ್ಬರು. ಅದನ್ನು ನಾನು ಮರೆತಿಲ್ಲ.

ಆಕಾಶನಿಗೆ ಕೆಲಸ ಕೊಟ್ಟ ಹಾಗಾಯಿತು ಎಂದು ಬರೆದಿದ್ದೀರಿ. ಅಕ್ಕಾ, ಅವನಿಗೆ ದೀಪಾವಳಿಯವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಠಾಣೆಯಲ್ಲಿ ಎರಡು ಬಂಗಲೆ, ಕಲ್ಯಾಣದಲ್ಲಿ ಒಂದು ಹಾಲ್ ಹಿಡಿದಿದ್ದಾನೆ. ಆದರೂ ನಿಮ್ಮ ಹೆಸರು ಹೇಳಿದ ಕೂಡಲೇ, "ಆಂಟಿ ಕಾ ಕಾಮ್ ಪೆಹಲೆ" ಎಂದ. ನಿಮ್ಮ ಕೆಲಸವೇ ಮೊದಲಂತೆ. ಬೇಸಿಗೆ ರಜೆಯಲ್ಲಿ ನಿಮ್ಮ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣ ಹಿಡಿಸಿ ಅ ಆ ಇ ಈ ತಿದ್ದಿಸಿದ್ದು ನೀವಲ್ಲವೇ? ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗ ಅದು. ಆದರೆ ಒಂದೊಂದೇ ಅಕ್ಷರ ಹಿಡಿದು ಓದುತ್ತಾನೆ. ತನ್ನ ಕಾರ್ಡಿನಲ್ಲಿ ಹೆಸರನ್ನು ಕನ್ನಡದಲ್ಲೂ ಹಾಕಿಸಿದ್ದಾನೆ. ಕಲ್ಯಾಣದಲ್ಲಿ ಇದನ್ನು ಯಾರು ಓದುತ್ತಾರೋ ಎಂದು ಕೇಳಿದೆ. "ಆಂಟಿ ಓದ್ತಾರ" ಎಂದ.

ಮುಂದಿನ ವಾರ ಬರುತ್ತಾನೆ. ಕಡುಬು ಇದ್ದರೆ ಅವನಿಗಾದರೂ ಕೊಡಿ.

ನಿಮ್ಮ
ನಾಗವೇಣಿ


ಬೇಲಾಪುರ
27 ಅಕ್ಟೋಬರ್ 2024, ಭಾನುವಾರ

ನಾಗವೇಣಿ,

ದೀಪ ಬಂದು ಮೂರು ವಾರವಾಯಿತು. ನಿನ್ನ ಮಗ ಕೆಲಸಗಾರ, ಒಪ್ಪಿದೆ. ಮೊಣಕಾಲೆತ್ತರದ ಹನ್ನೆರಡು ಕಂಬ, ಗೋಡೆಯಂಚಿಗೆ ಉದ್ದಕ್ಕೂ ಪಟ್ಟಿ ದೀಪ. ಹೊತ್ತು ಮುಳುಗಿದ್ದನ್ನು ಅವೇ ತಿಳಿದುಕೊಂಡು ಮಂದವಾಗಿ ಹೊತ್ತುತ್ತವೆ, ಬೆಳಗಾದರೆ ಅವೇ ಕಣ್ಣು ಮುಚ್ಚುತ್ತವೆ. ನಾನು ಸ್ವಿಚ್ ಎಲ್ಲಿ ಎಂದು ಗೋಡೆ ತಡಕಿದೆ. ಆಕಾಶ ನಕ್ಕು ತನ್ನ ಮೊಬೈಲು ತೋರಿಸಿದ. ಡೊಂಬಿವಲಿಯಲ್ಲಿ ಕೂತು ಬೇಲಾಪುರದ ದೀಪ ಏರಿಸಿ ಇಳಿಸುತ್ತಾನಂತೆ. ಆ ಮಾಯೆ ನಮ್ಮ ಫೋನಿಗೂ ಬೇಕೇ ಎಂದು ಕೇಳಿದ. ಇವರಿಗೆ ಕಾಣುವುದಿಲ್ಲ, ನನಗೆ ತಿಳಿಯುವುದಿಲ್ಲ, ನಿನ್ನ ಹತ್ತಿರವೇ ಇರಲಿ ಎಂದೆ.

ಆದರೆ ಸೇವಂತಿಗೆ ಮೊಗ್ಗು ಬಿಡುತ್ತಿಲ್ಲ. ಎಲೆ ನೋಡಿದರೆ ಕಾಡು, ಮೊಗ್ಗು ಮಾತ್ರ ಒಂದೂ ಇಲ್ಲ. ಅಂಬಾರಾಯನನ್ನು ಕರೆಸಿದೆ. ಅವನು ದೀಪ ನೋಡಿ ತಲೆ ಚಚ್ಚಿಕೊಂಡ. "ಅಮ್ಮಾರ, ಶಾವಂತಿಗಿ ಕತ್ತಲ ಬೇಡ್ತದ್ರೀ. ರಾತ್ರಿ ಉದ್ದ ಆಗ್ಯಾದ ಅಂತ ಗೊತ್ತಾದ್ರನ ಅದು ಹೂ ಬಿಡೋದು. ನೀವು ಇಡೀ ರಾತ್ರಿ ಹಗಲ ಮಾಡಿ ಕುಂತೀರಿ" ಎಂದ. ಈಗಲಾದರೂ ಸಂಜೆಯಿಂದ ಕತ್ತಲು ಸಿಕ್ಕಿದರೆ ಸಂಕ್ರಾಂತಿಯ ಹೊತ್ತಿಗೆ ಹೂ ನೋಡಬಹುದಂತೆ.

ಆಕಾಶ ಇವತ್ತು ಯಾವುದೋ ತಂತಿ ನೋಡಲು ಬರುವವನಿದ್ದಾನೆ. ನಾನು ಇವರ ಔಷಧಿಗೆಂದು ವಾಶಿಗೆ ಹೊರಟಿದ್ದೇನೆ. ಏಳು ಗಂಟೆಯ ಮೇಲೆ ದೀಪ ಬೇಡ ಎಂದು ಅವನಿಗೆ ಚೀಟಿ ಬರೆದಿಟ್ಟು ಹೋಗುತ್ತೇನೆ. ನೀನೂ ಒಂದು ಮಾತು ಹೇಳು.

ನಿನ್ನ
ಅಲಮೇಲು


ಬೇಲಾಪುರ
18 ನವೆಂಬರ್ 2024

ನಾಗವೇಣಿ,

ನಿನ್ನ ಮಗ ನಿನಗೆ ಏನು ಹೇಳಿದ್ದಾನೋ ಗೊತ್ತಿಲ್ಲ. ನಡೆದದ್ದನ್ನು ನಾನು ಬರೆಯುತ್ತೇನೆ.

ಚೀಟಿ ಇಟ್ಟು ಹೋದ ದಿನ ವಾಶಿಯಿಂದ ಬಂದು ನೋಡುತ್ತೇನೆ, ಏಳು ಹೊಡೆದ ಕೂಡಲೇ ಅಷ್ಟೂ ದೀಪ ಧಗ್ಗನೆ ಉರಿದವು. ಮೊದಲಿಗಿಂತ ಮೂರು ಪಟ್ಟು ಬೆಳಕು. ಮದುವೆ ಮಂಟಪಕ್ಕೂ ಯಾರೂ ಹಾಗೆ ಹಾಕುವುದಿಲ್ಲ. ಏನೋ ಕೆಟ್ಟಿದೆ ಎಂದುಕೊಂಡು ಫೋನು ಮಾಡಿದೆ. "ಹೌದು ಆಂಟಿ, ನೀವು ಹೇಳಿದಂಗೇ ಮಾಡೀನಿ" ಎಂದಷ್ಟು ಆ ಗುಂಯ್ ಸದ್ದಿನ ನಡುವೆ ಕೇಳಿಸಿತು. ಮರುದಿನ ಮತ್ತೆ ಹಾಗೇ. ದೀಪಾವಳಿ ಬಂತು, ಎಲ್ಲರ ಮನೆಯಲ್ಲೂ ಬೆಳಕು, ಹಬ್ಬದಲ್ಲಿ ಜಗಳ ಬೇಡವೆಂದು ತಡೆದುಕೊಂಡೆ. ಆ ಹಾಳು ಬೆಳಕಿನಲ್ಲೇ ದಿನವೂ ಬಗ್ಗಿ ಒಂದೊಂದು ಸಸಿಯ ತುದಿಯನ್ನೂ ನೋಡಿದೆ. ಎಲ್ಲೂ ಒಂದು ಮೊಗ್ಗಿಲ್ಲ.

ನಿನ್ನೆ ಕರೆಸಿದೆ. ಬಂದವನು ಗೇಟಿನ ಬಳಿ ನಿಂತು ತಲೆ ತಗ್ಗಿಸಿ ಏನೋ ಹೇಳಿದ. ತುಟಿ ಕಾಣದೆ ನನಗೇನೂ ಕೇಳಲಿಲ್ಲ. ಕೇಳುವ ತಾಳ್ಮೆಯೂ ಇರಲಿಲ್ಲ. ಅಕ್ಕಪಕ್ಕದವರೆಲ್ಲ ಹೊರಗೆ ಬಂದಿದ್ದರು. "ಕನ್ನಡ ಓದಕ್ಕೆ ಬರಲ್ಲ ಅಂದ್ರೆ ಬರಲ್ಲ ಅನ್ನು. ಒಂದು ಹೇಳಿದ್ರೆ ಉಲ್ಟಾ ಮಾಡೋದು ನಿಮ್ಮ ಕಲಬುರಗಿ ಕಡೆಯವರ ಬುದ್ಧಿನೇ ಸೈ" ಎಂದೆ. ಒಳಗಿನಿಂದ ಇವರು, "ಹುಡುಗನ್ನ ಏನೂ ಅನ್ಬೇಡ ಅಲಮೇಲು" ಎಂದರು. ಆಗಲೇ ಅಂದಾಗಿತ್ತು. ಅವನು ಪೆಟ್ಟಿಗೆ ಎತ್ತಿಕೊಂಡು ಹೋದ. ಇವತ್ತು ಬೇರೆ ಎಲೆಕ್ಟ್ರಿಷಿಯನ್ ಬಂದು ಕಂಬ, ಪಟ್ಟಿ ಎಲ್ಲ ಕಿತ್ತು ಮೂಲೆಗೆ ಹಾಕಿದ.

ಇವರಿಗೆ ಉಳಿದಿರುವುದು ಎರಡು ತಿಂಗಳ ಕಣ್ಣು. ಕಳೆದ ಮೂರು ವಾರವನ್ನು ನಿನ್ನ ಮಗ ಹಾಳು ಮಾಡಿದ. ನೀನು ಹೇಗೆ ಸುಮ್ಮನಿದ್ದೆ?

ಅಲಮೇಲು


ಡೊಂಬಿವಲಿ
30 ಡಿಸೆಂಬರ್ 2024

ಅಲಮೇಲಮ್ಮನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಆರು ವಾರ ಕೈ ಬರಲಿಲ್ಲ. ಈಗಲೂ ಹೆಚ್ಚು ಬರೆಯುವುದಿಲ್ಲ. ಇದರ ಜೊತೆ ನಿಮ್ಮ ಚೀಟಿ ಇಟ್ಟಿದ್ದೇನೆ. ಆಕಾಶನ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಸಿಕ್ಕಿತು. ನಿಮ್ಮದೇ ಅಕ್ಷರ, ನೀವೇ ಓದಿಕೊಳ್ಳಿ.

"ಚಿ. ಆಕಾಶ, ಸಂಜೆ ಏಳು ಗಂಟೆ ಆದ ಕೂಡಲೇ ತೋಟದ ದೀಪ ದೊಡ್ಡದು ಮಾಡು. ಒಂದು ದಿನವೂ ತಪ್ಪಿಸಬೇಡ. ಆಂಟಿ."

ಅವನು ತಪ್ಪಿಸಲಿಲ್ಲ. ಏಳಕ್ಕೆ ಸರಿಯಾಗಿ ದೀಪ ದೊಡ್ಡದಾಗುವಂತೆ ಮೊಬೈಲಿನಲ್ಲಿ ವೇಳೆ ಹೊಂದಿಸಿಟ್ಟ. ಬರೆದದ್ದನ್ನು ಓದಿದ, ಓದಿದ್ದನ್ನು ಮಾಡಿದ. ನಮ್ಮ ಕಡೆಯವರ ಬುದ್ಧಿ ಅಷ್ಟೇ.

ಹೊಸ ಕಾರ್ಡು ಮಾಡಿಸಿದ್ದಾನೆ. ಅದರಲ್ಲಿ ಕನ್ನಡ ಇಲ್ಲ.

ನಾಗವೇಣಿ


ಬೇಲಾಪುರ
9 ಜನವರಿ 2025

ನಾಗವೇಣಿ,

ಚೀಟಿ ಓದಿದೆ. ನಾಲ್ಕು ಸಲ ಓದಿದೆ. ಮೊದಲ ಮೂರು ಸಲ ಅದರಲ್ಲಿ ತಪ್ಪೇ ಕಾಣಲಿಲ್ಲ, ಹೇಳಿದ್ದು ಸರಿಯಾಗಿಯೇ ಇದೆಯಲ್ಲ ಎನ್ನಿಸಿತು. ನಾಲ್ಕನೆಯ ಸಲ ಆಕಾಶನ ಕಣ್ಣಿನಿಂದ ಓದಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಮ್ಮ ಮೈಸೂರಿನ ಮನೆಗಳಲ್ಲಿ ದೀಪಕ್ಕೆ ಆರಿಸು ಎನ್ನುವ ಮಾತನ್ನು ಬಾಯಲ್ಲಿ ತರುವುದಿಲ್ಲ. ಅಪಶಕುನ. ದೊಡ್ಡದು ಮಾಡು ಎಂದರೆ ಅದೇ, ಇನ್ನು ಸಾಕು, ಬತ್ತಿ ಕೆಳಗಿಳಿಸು ಎಂದು. ಹುಟ್ಟಿದಾಗಿನಿಂದ ಹಾಗೇ ಅಂದು ಅಂದು, ಆ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದೇ ನಿಜವಾದ ಅರ್ಥ ಎಂಬುದೇ ಮರೆತುಹೋಗಿತ್ತು. ಕರೆಂಟಿನ ದೀಪಕ್ಕೆ ಏನು ಮಡಿ ಎಂದು ನೀನು ಕೇಳಬಹುದು. ಬೇರೆ ಸಮಯವಾಗಿದ್ದರೆ ಆಫ್ ಮಾಡು ಎಂದೇ ಬರೆಯುತ್ತಿದ್ದೆನೋ ಏನೋ. ಇವರ ಕಣ್ಣು ದಿನಕ್ಕಿಷ್ಟು ಎಂದು ಹೋಗುತ್ತಿರುವಾಗ, ಈ ಮನೆಯ ದೀಪ ಆರಿಸು ಎಂದು ನನ್ನ ಕೈಯಿಂದ ಹೇಗೆ ಬರೆಯಲಿ?

ಆ ಮಗುವಿಗೆ ಅಕ್ಷರ ಕಲಿಸಿದವಳು ನಾನು. ಮಾತು ಕಲಿಸಲಿಲ್ಲ. ಕಲಿಸದೆ ಬೀದಿಯಲ್ಲಿ ನಿಲ್ಲಿಸಿ ಬೈದೆ. ಅದೂ ಎಂಥ ಮಾತು! ನಿಮ್ಮ ಕಡೆಯವರು ಎಂದೆನಲ್ಲ, ಇಪ್ಪತ್ತಾರು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಮೇಲೆ ನನಗೆ ಅದು ಎಲ್ಲಿಂದ ಬಂತು?

ನಿನ್ನೆ ನಿಮ್ಮ ಮನೆಗೆಂದು ಹೊರಟೆ. ಠಾಣೆಯಲ್ಲಿ ಹತ್ತನೇ ಪ್ಲಾಟ್‌ಫಾರಂನಲ್ಲಿ ಇಳಿದವಳು ಡೊಂಬಿವಲಿ ಗಾಡಿಗೆ ಸೇತುವೆ ಹತ್ತಬೇಕಿತ್ತು. ಹತ್ತಲಿಲ್ಲ. ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಪನವೇಲ್ ಗಾಡಿ ಹಿಡಿದು ತಿರುಗಿ ಬಂದೆ. ಆಕಾಶ ಬಾಗಿಲು ತೆಗೆದರೆ ಏನು ಮಾತಾಡಲಿ ಎಂದು ತೋಚಲಿಲ್ಲ.

ಗಿಡಗಳಲ್ಲಿ ಈಗ ಸಾಸಿವೆಯಷ್ಟು ಮೊಗ್ಗು. ಅರಳಲು ಇನ್ನೂ ಮೂರು ನಾಲ್ಕು ವಾರ ಬೇಕಂತೆ. ಇವರಿಗೆ ಕಿಟಕಿ ಎಲ್ಲಿದೆ ಎಂದು ತಿಳಿಯುತ್ತದೆ, ಅದರಾಚೆ ಏನೂ ತಿಳಿಯುವುದಿಲ್ಲ. ಹೂವಿನ ಆಸೆ ಬಿಟ್ಟಿದ್ದೇನೆ. ಆಕಾಶ ನನ್ನನ್ನು ಕ್ಷಮಿಸದಿದ್ದರೂ ಸರಿ, ಅವನದು ತಪ್ಪಲ್ಲ ಎಂದು ನಾನು ಹೇಳಿದೆನೆಂದು ಅವನಿಗೆ ತಿಳಿಸು. ಅಕ್ಕಪಕ್ಕದ ಮೂರು ಮನೆಗೂ ಹೋಗಿ ಹೇಳಿ ಬಂದಿದ್ದೇನೆ.

ನಿನ್ನ ಅಲಮೇಲು ಎಂದು ಬರೆಯಲು ಧೈರ್ಯವಿಲ್ಲ.

ಅಲಮೇಲು


ಡೊಂಬಿವಲಿ
2 ಫೆಬ್ರವರಿ 2025

ಅಲಮೇಲಕ್ಕಾ,

ನಿಮ್ಮ ಕಾಗದವನ್ನು ಆಕಾಶನಿಗೆ ಓದಿ ಹೇಳಿದೆ. ಆಮೇಲೆ, "ಮಮ್ಮಿ, ತುಝೆ ಪತಾ ಥಾ?" ಎಂದ. ನಿನಗೆ ಗೊತ್ತಿತ್ತೇ ಎಂದು. ಆ ಪ್ರಶ್ನೆಗೆ ನಾನು ಅವನಿಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತಿದ್ದೇನೆ.

ನನಗೆ ಗೊತ್ತಿತ್ತು, ಅಕ್ಕಾ.

ಆ ಭಾನುವಾರ ಅವನು ನಿಮ್ಮ ತೋಟದಲ್ಲಿ ನಿಂತು ಫೋನು ಮಾಡಿದ್ದ. "ಮಮ್ಮಿ, ಆಂಟಿ ನೇ ಲಿಖಾ ಹೈ, ದೀಪ ದೊಡ್ಡದು ಮಾಡು. ಬ್ರೈಟ್‌ನೆಸ್ ಬಢಾನಾ ಹೈ ಕ್ಯಾ?" ಎಂದು ಕೇಳಿದ. ಬೆಳಕು ಹೆಚ್ಚಿಸಬೇಕೇ ಎಂದು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಏನ್ ಬರ್ದಾರ ಅಷ್ಟ ಮಾಡು. ದೊಡ್ಡವರು ಹೇಳಿದ್ದಕ್ಕ ಎದುರ ಕೇಳಬ್ಯಾಡ."

ಯಾಕೆ ಹಾಗೆ ಹೇಳಿದೆ ಎಂದರೆ ಹೇಳಲು ನಾಚಿಕೆಯಾಗುತ್ತದೆ. ನಾನು ಕೆಲಸಕ್ಕೆ ಸೇರಿದ ವರ್ಷ ನಿಮ್ಮ ಮನೆಯ ನವರಾತ್ರಿ ಗೊಂಬೆ ನೋಡಲು ಬಂದಿದ್ದೆ. ಹತ್ತು ಹನ್ನೆರಡು ಹೆಂಗಸರು, ಎಲ್ಲ ನಿಮ್ಮವರು. ಆರತಿ ಮುಗಿದ ಮೇಲೆ ನೀವು, "ನಾಗವೇಣಿ, ದೀಪ ದೊಡ್ಡದು ಮಾಡಿ ಬಾ" ಎಂದಿರಿ. ನಮ್ಮ ಕಲಬುರಗಿ ಕಡೆ ಶಾಂತ ಮಾಡು ಅಂತೇವೆ. ನನಗೆ ಏನು ಗೊತ್ತು? ಎಣ್ಣೆ ಸುರಿದು, ಬತ್ತಿ ಮೇಲೆಳೆದು, ಉರಿ ಜೋರು ಮಾಡಿ ಬಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀವೂ ನಕ್ಕಿರಿ. ನಾನೂ ಅವರ ಜೊತೆ ನಕ್ಕು, ಬಚ್ಚಲಿಗೆ ಹೋಗಿ ಕಣ್ಣು ತೊಳೆದುಕೊಂಡೆ. ನಿಮಗೆ ಇದು ನೆನಪೂ ಇರಲಿಕ್ಕಿಲ್ಲ.

ಅವನು ಫೋನಿನಲ್ಲಿ ಆ ಮಾತು ಓದಿದಾಗ ಆ ನಗು ಕಿವಿಯಲ್ಲಿ ಕೇಳಿಸಿತು. ಅವನಿಗೊಂದು ಕೆಲಸ ಕೊಟ್ಟ ಹಾಗಾಯಿತು ಎಂದು ನೀವು ಬರೆದದ್ದೂ ಚುಚ್ಚುತ್ತಿತ್ತು. ಒಂದು ಸಂಜೆ ದೀಪ ಜೋರಾಗಿ ಉರಿಯಲಿ, ಅಲಮೇಲಕ್ಕ ಕಣ್ಣು ಕಣ್ಣು ಬಿಡಲಿ, ಮರುದಿನ ಹೇಳಿದರಾಯಿತು ಎಂದುಕೊಂಡೆ. ಮೊಗ್ಗಿಗೆ ಕತ್ತಲು ಬೇಕೆಂಬ ವಿಷಯ ಆಗ ನನಗೆ ತಿಳಿದಿರಲಿಲ್ಲ. ಅದನ್ನು ಬರೆದ ನಿಮ್ಮ ಕಾಗದ ದೀಪಾವಳಿ ಕಳೆದು ನನ್ನ ಕೈ ಸೇರಿತು. ಅದನ್ನು ಓದಿದ ಮೇಲೂ ನಾನು ಫೋನು ಮಾಡಲಿಲ್ಲ. ಮಾಡಿದರೆ ಮಗನಿಗೆ ನನ್ನ ಸಣ್ಣತನ ತಿಳಿಯುತ್ತದಲ್ಲ ಎಂದು ಇವತ್ತು, ನಾಳೆ ಎಂದು ದೂಡಿದೆ. ಅಷ್ಟರಲ್ಲಿ ಅವನು ನಿಮ್ಮ ಕೈಲಿ ಬೈಸಿಕೊಂಡು ಬಂದ. ಆಮೇಲೆ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಸುಲಭವಾಯಿತು. ಚೀಟಿ ಕಳಿಸುವಾಗಲೂ ಆ ಸಿಟ್ಟನ್ನು ಮುಂದೆ ಮಾಡಿ ನಾನು ಹಿಂದೆ ನಿಂತೆ.

ರಾಯರ ಹೂವನ್ನು ಕಿತ್ತುಕೊಂಡವಳು ನಾನು. ನೀವು ಏನು ಅಂದರೂ ಕೇಳಬೇಕು.

ನಾಗವೇಣಿ


ಬೇಲಾಪುರ
16 ಫೆಬ್ರವರಿ 2025

ನಾಗವೇಣಿ,

ಸೇವಂತಿಗೆ ಅರಳಿವೆ. ಅರವತ್ತು ಗಿಡವೂ ತುಂಬಿ ಬಾಗಿವೆ. ಮೊನ್ನೆ ಇವರ ಕೈ ಹಿಡಿದು ಕರೆದುಕೊಂಡು ಹೋಗಿ ಆ ಕೈಯನ್ನು ಹೂವಿನ ಮೇಲೆ ಇಟ್ಟೆ. "ಮೆತ್ತಗಿದೆ ಕಣೆ, ತಂಪಾಗಿದೆ" ಎಂದರು. ಬಣ್ಣ ಹಳದಿಯೇ ತಾನೇ ಎಂದು ಕೇಳಿದರು. ಹೌದು ಎಂದೆ.

ಈಗ ಬಂದ ಕಾಗದವನ್ನೆಲ್ಲ ನಾನೇ ಇವರಿಗೆ ಓದಿ ಹೇಳಬೇಕು. ನಿನ್ನದನ್ನೂ ಓದಿದೆ. ನಿನಗೆ ಗೊತ್ತಿತ್ತು ಎಂಬ ಸಾಲು ಬಂದಾಗ ಹಾರಿಸಿದೆ. ನಿನ್ನ ಮೇಲಿನ ಮರುಕದಿಂದ ಹಾರಿಸಿದೆ ಎಂದುಕೊಳ್ಳಬೇಡ, ಮೈಯೆಲ್ಲ ಉರಿದು ಹಾರಿಸಿದೆ. ಕಣ್ಣು ಹೋದ ಮೇಲೆ ಇವರ ಕಿವಿ ಚುರುಕಾಗಿದೆ. "ಏನೋ ಬಿಟ್ಟೆ, ಓದು" ಎಂದರು. ಓದಿದೆ. ನವರಾತ್ರಿಯ ಕಥೆಯನ್ನೂ ಓದಿದೆ. ನಿಜ, ನನಗೆ ಅದು ನೆನಪಿರಲಿಲ್ಲ. ನಾನು ನಕ್ಕಿದ್ದು ನನಗೆ ಮರೆತು, ನಿನಗೆ ಅಷ್ಟು ವರ್ಷ ನೆನಪಿದ್ದದ್ದು ಯೋಚಿಸಿ ನನ್ನ ಉರಿ ಅಲ್ಲಿಗೆ ತಣ್ಣಗಾಯಿತು.

ಕೇಳಿ ಮುಗಿದ ಮೇಲೆ ಇವರು ನಕ್ಕರು. ತಿಂಗಳುಗಳ ಮೇಲೆ ಮೊದಲ ಸಲ. "ನಾಗವೇಣಿಗೆ ಥ್ಯಾಂಕ್ಸ್ ಬರಿ" ಎಂದರು. ತಮಾಷೆಗೆ ಎಂದುಕೊಂಡು ನನಗೆ ಸಿಟ್ಟು ಬಂತು.

"ತಮಾಷೆ ಅಲ್ಲ ಕಣೆ. ಹಗಲು ಬಿಸಿಲು ಕಣ್ಣಿಗೆ ಚುಚ್ತಿತ್ತು, ಒಳಗೆ ಬಂದ್ರೆ ಎಲ್ಲಾ ಮಂಜು. ನೀನು ಒಂದು ಮಸುಕು ಆಗಿಹೋಗಿದ್ದೆ. ಆ ದೀಪ ಜೋರಾದ್ಮೇಲೆ ಸಂಜೆ ನೀನು ಗಿಡದ ನಡುವೆ ಬಗ್ಗಿ ಮೊಗ್ಗು ಹುಡುಕ್ತಿದ್ದೆಯಲ್ಲ, ಕೆಳಗಿಂದ ಬೆಳಕು ಬಿದ್ದು ಮುಖ ಪೂರ್ತಿ ಕಾಣ್ತಿತ್ತು. ಹಣೆ ಮೇಲಿನ ಬೆವರು ಕೂಡ."

ಆ ಮೂರು ವಾರ ಇವರು ಊಟಕ್ಕೆ ಕರೆಯುವವರೆಗೂ ಜಗುಲಿ ಬಿಟ್ಟು ಎದ್ದಿರಲಿಲ್ಲ. ಒಳಗೆ ಸೆಖೆ, ಅದಕ್ಕೆ ಹೊರಗೆ ಕೂತಿದ್ದಾರೆ ಎಂದುಕೊಂಡಿದ್ದೆ. "ಮತ್ತೆ ಕಂಬ ಕೀಳಿಸುವಾಗ ಯಾಕೆ ಬೇಡ ಅನ್ನಲಿಲ್ಲ?" ಎಂದೆ.

"ನೀನು ಹೂವಿಗೋಸ್ಕರ ಅಷ್ಟು ಅಳ್ತಿದ್ದೆ. ನಂಗೆ ಹೂ ಬೇಡ, ದೀಪ ಇರಲಿ ಅಂತ ಹೇಗೆ ಹೇಳ್ಲಿ?" ಎಂದರು.

ನೀನು ಮಾಡಿದ್ದು ತಪ್ಪೇ, ನಾಗವೇಣಿ. ಇಲ್ಲ ಎನ್ನುವುದಿಲ್ಲ. ಆದರೆ ಆ ತಪ್ಪಿನಿಂದ ಇವರಿಗೆ ಮೂರು ವಾರ ಸಿಕ್ಕಿತು. ಆಮೇಲೆ ಇನ್ನೂ ಎಷ್ಟು ಸಂಜೆ ಉಳಿದಿದ್ದವೋ, ಅವನ್ನು ನಿಂತು ಕೀಳಿಸಿದವಳು ನಾನು.

ನಿನ್ನ
ಅಲಮೇಲು